ಹರ್ಷಿ ಚಾಕಲೇಟ್ ಕಂಪನಿ ಈಗ ಯಾರದ್ದು? ಮಿಲ್ಟನ್ ಹರ್ಷಿಯ ಉದ್ಯಮ, ದಾನಪತ್ರ, ಅದರ ತೊಡಕುಗಳು

ಚಿಲ್ಲರೆ_ಅಂಗಡಿ:
ಮಿಲ್ಟನ್ ಹರ್ಷಿ ಬದುಕಿದ್ದಾಗಲೇ ಆಸ್ತಿಯನ್ನೆಲ್ಲ ಅನಾಥ ಮಕ್ಕಳ ಶಾಲೆಗೆ ಬರೆದುಕೊಟ್ಟ ಅಂತ ಎಲ್ಲ ಕಡೆ ಓದ್ತೀವಿ. ಆದರೆ ಆ ಕಂಪನಿಯ ಷೇರು ನ್ಯೂಯಾರ್ಕ್ ಪೇಟೆಯಲ್ಲಿ ದಿನಾ ಕೈ ಬದಲಾಯಿಸುತ್ತೆ. ಹಾಗಿದ್ರೆ ದಾನ ಕೊಟ್ಟಿದ್ದು ಏನನ್ನ? ಒಡೆಯ ಯಾರು? ಶಾಲೆಗೆ ದುಡ್ಡು ಯಾವ ದಾರಿಯಲ್ಲಿ ಬರುತ್ತೆ?

ಇನ್ನೊಂದು. ನಾಲ್ಕನೇ ಕ್ಲಾಸಿಗೆ ಓದು ಬಿಟ್ಟವನು, ಎರಡು ಊರಲ್ಲಿ ಅಂಗಡಿ ಮುಚ್ಚಿದವನು ಮೂರನೇ ಸಲ ಗೆದ್ದ ಅಂತ ಬರೀತಾರೆ. ಮೂರನೇ ಸಲ ಬದಲಾಗಿದ್ದು ಏನು ಅಂತ ಯಾರೂ ಹೇಳಲ್ಲ. "ಛಲ ಬಿಡಲಿಲ್ಲ" ಅನ್ನೋ ಉತ್ತರ ಬೇಡ, ದಯವಿಟ್ಟು.

ಧಾರವಾಡ_ಪೇಡೆ:
ಬದಲಾದದ್ದು ಪಾಕ ನೋಡ್ರಿ.

ಹರ್ಷಿ 1857ರಾಗ ಪೆನ್ಸಿಲ್ವೇನಿಯಾದ ಡೆರಿ ಟೌನ್‌ಶಿಪ್‌ನಾಗ ಹುಟ್ಟಿದಾಂವ. ಮೊದಲು ಒಂದು ಜರ್ಮನ್ ಪತ್ರಿಕೆಯ ಅಚ್ಚುಕೂಟಕ್ಕ ಹಚ್ಚಿದ್ರು, ಅಲ್ಲಿ ನಡೀಲಿಲ್ಲ. ಆಮೇಲೆ ಲ್ಯಾಂಕಾಸ್ಟರ್ ಊರಿನ ಜೋಸೆಫ್ ರಾಯರ್ ಅನ್ನೋ ಮಿಠಾಯಿಗಾರನ ಕೈಕೆಳಗ ನಾಲ್ಕು ವರ್ಷ ಕೆಲಸ ಕಲ್ತ. 1876ಕ್ಕ ಫಿಲಡೆಲ್ಫಿಯಾದಾಗ ಸ್ವಂತ ಅಂಗಡಿ ತೆಗೆದ. ಅವ್ವನ ತವರುಮನಿಯವರ ಸಾಲದ ಮ್ಯಾಲೆ ಆರು ವರ್ಷ ಹ್ಯಾಂಗೋ ಎಳೀತು, 1882ಕ್ಕ ಬಾಗಲಾ ಹಾಕ್ತು. ಅಲ್ಲಿಂದ ಡೆನ್ವರ್‌ಗೆ ಹೋದ. ಅಲ್ಲಿ ಒಬ್ಬ ಮಿಠಾಯಿಗಾರನ ಹತ್ರ ಕಂಡದ್ದೇ ಮುಂದಿನ ಇಡೀ ಕಥಿಯ ಬುನಾದಿ: ಕ್ಯಾರಮೆಲ್‌ಗೆ ಮೇಣ ಹಾಕೋದು ಬಿಟ್ಟು ತಾಜಾ ಹಾಲು ಹಾಕೋದು.

ಆವಾಗಿನ ಅಗ್ಗದ ಕ್ಯಾರಮೆಲ್‌ಗೆ ಪ್ಯಾರಾಫಿನ್ ಮೇಣ ಹಾಕ್ತಿದ್ರು. ಅಂಟಂಗಿಲ್ಲ, ಆಕಾರ ಬಿಡಂಗಿಲ್ಲ, ಖರೇ. ಆದ್ರ ಮೇಣ ಕರಗೋದು 50 ಡಿಗ್ರಿ ಸೆಲ್ಸಿಯಸ್‌ನ ಆಚೀಚೆ. ಬಾಯಿಯ ಬಿಸಿ 37. ಅಂದ್ರ ಎಷ್ಟು ಅಗದ್ರೂ ಅದು ಮೇಣಾನ. ಹಾಲು ಹಾಕಿದ್ರ ಹಾಲಿನ ಪ್ರೋಟೀನು ಸಕ್ಕರಿ ಜೊತಿ ಕೂಡಿ ಕಂದು ಬಣ್ಣ, ಪರಿಮಳ ಎರಡೂ ಕೊಡ್ತದ. ಹಾಲಿನ ಕೊಬ್ಬು ಮೆತ್ತಗ ಮಾಡ್ತದ. ನಮ್ಮ ಪೇಡೆಗೆ ಆ ಕಂದು ಬಣ್ಣ ಬರೋದೂ ಇದೇ ಕಾರಣಕ್ಕ.

ಅದೇ ಹದ ಮನ್ಯಾಗ ನೋಡಬೇಕಂದ್ರ: ಸಕ್ಕರಿ ಎರಡು ಪಾಲು, ಗ್ಲೂಕೋಸ್ ಸಿರಪ್ ಒಂದು ಪಾಲು, ಗಟ್ಟಿ ಹಾಲು ಎರಡು ಪಾಲು, ಒಂದಿಷ್ಟು ಬೆಣ್ಣಿ. 118–120 ಡಿಗ್ರಿ ಮುಟ್ಟೋತನಕ ಕೈಬಿಡದ ತಿರುವಬೇಕು. 115ಕ್ಕ ಇಳಿಸಿದ್ರ ಹರೀತದ, 125 ದಾಟಿದ್ರ ಹಲ್ಲಿಗೆ ಕಲ್ಲು. ಸಿರಪ್ ಬಿಟ್ರ ಎರಡು ದಿನಕ್ಕ ಸಕ್ಕರಿ ಹಳ್ಳುಗಟ್ಟಿ ಮರಳು ಮರಳಾಗ್ತದ. ನಾವು ಪಾಕಕ್ಕ ಲಿಂಬಿರಸ ಹಿಂಡೋದು ಅದಕ್ಕಲ್ಲೇನ್ರಿ? ಆದ್ರ ಇಲ್ಲಿ ಹಾಲದ, ಲಿಂಬಿ ಹಿಂಡಿದ್ರ ಒಡೀತದ. ಹಾಲು ಸ್ವಲ್ಪ ಹುಳಿ ತಿರುಗಿದ್ರೂ ಬಾಣಲ್ಯಾಗ ಗಿಜಿಗಿಜಿ ಆಗ್ತದ. ಚಿಟಿಕಿ ಅಡಿಗಿ ಸೋಡಾ ಹಾಕೋದು ಆ ಹುಳಿ ಕೊಲ್ಲಾಕ.

ನಡುವ ಶಿಕಾಗೋ, ನ್ಯೂ ಆರ್ಲಿಯನ್ಸ್ ಅಂತ ತಿರುಗಿ ನ್ಯೂಯಾರ್ಕ್‌ನಾಗ 1883ರಿಂದ 86ರತನಕ ಇನ್ನೊಂದು ಅಂಗಡಿ ನಡೆಸಿದ, ಅದೂ ಮುಚ್ಚಿತು. ತಿರುಗಿ ಲ್ಯಾಂಕಾಸ್ಟರ್‌ಗೆ ಬಂದು ಹಾಲಿನ ಕ್ಯಾರಮೆಲ್ ಹಿಡಿದ. ಸುತ್ತ ಎಲ್ಲಾ ಕಡೆ ಡೈರಿ. ಒಬ್ಬ ಇಂಗ್ಲಿಷ್ ಆಮದುದಾರ ರುಚಿ ನೋಡಿ 500 ಪೌಂಡಿನ ಮಾಲಿಗೆ ಆರ್ಡರ್ ಕೊಟ್ಟ. ಹಡಗಿನ್ಯಾಗ ವಾರಗಟ್ಟಲೆ ಹೋದ್ರೂ ಕೆಡಲಾರದ ಮಿಠಾಯಿ ಬೇಕಾಗಿತ್ತು ಅವಗ. ಬ್ಯಾಂಕಿನ ಸಾಲ ಅದರ ಮ್ಯಾಲೆ ಹುಟ್ಟಿತು. 1890ರ ದಶಕದಾಗ ಲ್ಯಾಂಕಾಸ್ಟರ್ ಕ್ಯಾರಮೆಲ್ ಕಂಪನಿಯಾಗ 1,300ಕ್ಕಿಂತ ಹೆಚ್ಚು ಮಂದಿ ಕೆಲಸ ಮಾಡ್ತಿದ್ರು.

ಹಾಲುಕೆನೆ_ಮಂಡ್ಯ:
ಪೇಡೆಯವರು ಹೇಳಿದ್ದು ಸರಿ. ಆದರೆ ಕ್ಯಾರಮೆಲ್‌ಗೆ ಹಾಲು ಹಾಕೋದು ಮಕ್ಕಳಾಟ, ಚಾಕಲೇಟಿಗೆ ಹಾಕೋದೇ ಬೇರೆ.

1893ರ ಶಿಕಾಗೋ ಮೇಳದಲ್ಲಿ ಜರ್ಮನಿಯ ಡ್ರೆಸ್ಡನ್ ಊರಿನ ಲೆಹ್ಮನ್ ಕಂಪನಿಯವರು ಚಾಕಲೇಟ್ ಯಂತ್ರಗಳ ಸಾಲನ್ನು ನಡೆಸಿ ತೋರಿಸಿದ್ರು. ಹರ್ಷಿ ಅದೇ ಯಂತ್ರಗಳನ್ನ ಕೊಂಡು ಲ್ಯಾಂಕಾಸ್ಟರ್‌ಗೆ ತರಿಸಿದ, 1894ರಲ್ಲಿ ಚಾಕಲೇಟ್ ಕಂಪನಿ ಶುರು ಮಾಡಿದ. ಆಗ ಮಾಡ್ತಿದ್ದದ್ದು ಕೋಕೋ ಪುಡಿ, ಅಡುಗೆ ಚಾಕಲೇಟು, ಕ್ಯಾರಮೆಲ್ ಮೇಲಿನ ಲೇಪ. 1900ರಲ್ಲಿ ಕ್ಯಾರಮೆಲ್ ಕಂಪನಿಯನ್ನ 10 ಲಕ್ಷ ಡಾಲರ್‌ಗೆ ಮಾರಿದಾಗ ಚಾಕಲೇಟ್ ಕಂಪನಿಯನ್ನ ಕೈಲಿ ಉಳಿಸ್ಕೊಂಡ. ಹಾಲಿನ ಚಾಕಲೇಟ್ ಬಾರ್ ಹೊರಬಿದ್ದಿದ್ದೂ ಅದೇ ವರ್ಷ.

ಈಗ ತೊಡಕು. ಹಾಲಿನಲ್ಲಿ ನೂರಕ್ಕೆ 87ರಷ್ಟು ನೀರು. ಚಾಕಲೇಟ್ ಅಂದರೆ ಕೋಕೋ ಬೆಣ್ಣೆಯೊಳಗೆ ಸಕ್ಕರೆ, ಕೋಕೋ ಕಣಗಳು ತೇಲ್ತಾ ಇರೋದು. ಅದರಲ್ಲಿ ನೀರು ನೂರಕ್ಕೆ ಒಂದು ಮೀರಬಾರದು. ಕರಗಿದ ಚಾಕಲೇಟಿಗೆ ಒಂದು ಚಮಚ ನೀರು ಬೀಳಿಸಿ ನೋಡಿ, ಸಕ್ಕರೆ ಕಣಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿ ಇಡೀ ಬಟ್ಟಲು ಮಣ್ಣಿನ ಮುದ್ದೆ ಆಗುತ್ತೆ. ಹಾಗಾಗಿ ನೀರನ್ನ ಮೊದಲೇ ಓಡಿಸಬೇಕು. ಒಂದು ಕೆಜಿ ಒಣ ಅಂಶಕ್ಕೆ ಸುಮಾರು ಎಂಟು ಕೆಜಿ ಕೆನೆ ತೆಗೆಯದ ಹಾಲು, ಕೆನೆ ತೆಗೆದದ್ದಾದ್ರೆ ಹನ್ನೊಂದು ಕೆಜಿ. ಬರೀ ಬೆಂಕಿಯ ಮೇಲೆ ಇಂಗಿಸಿದ್ರೆ ತಳ ಹಿಡಿದು ಖೋವಾ ವಾಸನೆ ಬರುತ್ತೆ. ಕೊಬ್ಬು ಜಾಸ್ತಿ ಇದ್ದರೆ ಕೆಲವೇ ವಾರಕ್ಕೆ ಕಮಟು.

ಸ್ವಿಸ್‌ನವರಿಗೆ ದಾರಿ ಗೊತ್ತಿತ್ತು. ಡೇನಿಯಲ್ ಪೀಟರ್ 1875ರ ಹೊತ್ತಿಗೇ ಮಾಡಿದ್ದ, ಆದರೆ ವಿಧಾನವನ್ನ ಯಾರಿಗೂ ಹೇಳಿಕೊಡ್ತಿರಲಿಲ್ಲ. ಹರ್ಷಿ ತಾನು ಹುಟ್ಟಿದ ಹಳೇ ತೋಟದ ಮನೆಯನ್ನ 1897ರಲ್ಲಿ ಮತ್ತೆ ಕೊಂಡಿದ್ದ. ಅಲ್ಲೇ ಹಸು ಕಟ್ಟಿಸಿ ಹಾಲಿನ ಪ್ರಯೋಗ. ಮೊದಮೊದಲು ಕೊಬ್ಬು ಜಾಸ್ತಿ ಇರೋ ಜರ್ಸಿ ಹಾಲು ಹಿಡಿದು ಸೋತ. ಕೊನೆಗೆ ಕೆಲಸಕ್ಕೆ ಬಂದಿದ್ದು ಕೆನೆ ತೆಗೆದ ಹಾಲಿಗೆ ಬೇಕಾದಷ್ಟು ಸಕ್ಕರೆ ಸೇರಿಸಿ ನಿರ್ವಾತ ಬಾಣಲೆಯಲ್ಲಿ ಕಡಿಮೆ ಬಿಸಿಗೆ ಇಂಗಿಸೋದು. ಗಾಳಿ ಎಳೆದ ಬಾಣಲೆಯಲ್ಲಿ ಹಾಲು 50–60 ಡಿಗ್ರಿಗೇ ಕುದಿಯುತ್ತೆ, ಅದಕ್ಕೇ ಸೀಯಲ್ಲ. ಹಾಗೆ ಬಂದ ಸಿಹಿ ಗಟ್ಟಿ ಹಾಲು ಕೋಕೋ ಜೊತೆ ಗಂಟಿಲ್ಲದೆ ಬೆರೆಯಿತು. ಜರ್ಸಿ ಕೈಬಿಟ್ಟು ಹೋಲ್‌ಸ್ಟೀನ್ ಹಸು ಹಿಡಿಯೋಕೂ ಇದೇ ಕಾರಣ: ಕೊಬ್ಬು ಕಡಿಮೆ, ಹಾಲು ಜಾಸ್ತಿ.

ಪುತ್ತೂರ_ಕೋಕೋ:
ಒಂದು ಸಂಶಯ ಮಾರಾಯ್ರೇ. ಅಮೆರಿಕದ ಹರ್ಷಿ ಬಾರ್ ತಿಂದವರು ಸ್ವಲ್ಪ ಹುಳಿ, ಹಳೆ ಬೆಣ್ಣೆಯ ವಾಸನೆ ಅಂತ ಮೂಗು ಮುರಿಯುತ್ತಾರಲ್ಲ, ಅದು ಕೋಕೋ ಬೀಜದ ದೋಷವೋ ಹಾಲಿನದೋ? ಬೀಜದಿಂದಲೂ ಹುಳಿ ಬರುವುದುಂಟು. ಹಸಿ ಬೀಜವನ್ನು ಪೆಟ್ಟಿಗೆಯಲ್ಲಿ ಬಾಳೆಲೆ ಮುಚ್ಚಿ ಐದಾರು ದಿನ ಕೊಳೆಯಿಸುವಾಗ ಎರಡು ದಿನಕ್ಕೊಮ್ಮೆ ಮಗುಚದಿದ್ದರೆ, ರಾಶಿ 45 ಡಿಗ್ರಿ ದಾಟದಿದ್ದರೆ, ಅಥವಾ ಮಳೆಗಾಲದಲ್ಲಿ ಅವಸರದಲ್ಲಿ ಬೆಂಕಿಗೆ ಒಣಗಿಸಿದರೆ ವಿನೆಗರಿನ ಹುಳಿ ಒಳಗೇ ಉಳಿಯುತ್ತದೆ. ತೇವ 6–7 ಶೇಕಡಾಕ್ಕೆ ಇಳಿಯದಿದ್ದರೆ ಬೂಷ್ಟು ಬೇರೆ.

ಹಾಲುಕೆನೆ_ಮಂಡ್ಯ:
ಅದು ಹಾಲಿನದ್ದು. ನೀವು ಹೇಳೋ ವಿನೆಗರ್ ಹುಳಿ ಮೂಗಿಗೆ ಚುಚ್ಚುತ್ತೆ, ಹದವಾಗಿ ಹುರಿದು ಹೊತ್ತು ಕೊಟ್ಟು ಅರೆದರೆ ಬಹಳಷ್ಟು ಆರಿ ಹೋಗುತ್ತೆ. ಇಲ್ಲಿರೋದು ಬ್ಯುಟಿರಿಕ್ ಆಮ್ಲ. ಹಾಲಿನ ಕೊಬ್ಬು ಒಡೆದಾಗ ಹುಟ್ಟೋದು, ಚೀಸಿನಲ್ಲೂ ಇರೋದು. ಕಂಪನಿ ತನ್ನ ವಿಧಾನವನ್ನ ಬಿಚ್ಚಿ ಹೇಳಿಲ್ಲ. ಹಾಲಿನ ಕೊಬ್ಬು ಹತೋಟಿಯಲ್ಲಿ ಸ್ವಲ್ಪ ಒಡೆಯೋ ಹಾಗೆ ಮಾಡ್ತಾರೆ ಅನ್ನೋದು ಆಹಾರ ತಂತ್ರಜ್ಞರ ಲೆಕ್ಕಾಚಾರ. ಯುರೋಪಿನವರಿಗೆ ಅದು ದೋಷ. ಅಮೆರಿಕದ ಮೂರು ತಲೆಮಾರಿಗೆ ಚಾಕಲೇಟ್ ಅಂದ್ರೇನೇ ಆ ರುಚಿ.

ಚಿಲ್ಲರೆ_ಅಂಗಡಿ:
ಪಾಕ, ಹಾಲು ಎರಡೂ ಅರ್ಥ ಆಯ್ತು. ಇನ್ನು ದಾನದ ವಿಷಯ ಯಾರಾದ್ರೂ ಬಿಡಿಸಿ ಹೇಳಿ. ಟೈಟಾನಿಕ್ ಟಿಕೆಟ್ ಕಥೆ ಬೇಡ.

ದಸ್ತಾವೇಜು:
ಟೈಟಾನಿಕ್‌ಗೆ 300 ಡಾಲರ್ ಮುಂಗಡದ ಚೆಕ್ ಬರೆದದ್ದು ನಿಜ, ಹತ್ತದೇ ಇದ್ದದ್ದೂ ನಿಜ. ಮುಂದಕ್ಕೆ ಹೋಗೋಣ.

ದಾನಪತ್ರದ ತಾರೀಖು 1909ರ ನವೆಂಬರ್ 15. ಬರೆದವರು ಮಿಲ್ಟನ್ ಮತ್ತು ಹೆಂಡತಿ ಕ್ಯಾಥರೀನ್. 1898ರಲ್ಲಿ ಮದುವೆ, ಮಕ್ಕಳಿಲ್ಲ. ಶಾಲೆಯ ಯೋಚನೆ ಹೆಂಡತಿಯದು ಅಂತ ಅವನೇ ಹೇಳುತ್ತಿದ್ದ. ಮೊದಲು ಕೊಟ್ಟದ್ದು 486 ಎಕರೆ ತೋಟದ ಭೂಮಿ. 1910ರಲ್ಲಿ ಮೊದಲ ಹುಡುಗರು ಬಂದು ಇಳಿದದ್ದು ಅವನು ಹುಟ್ಟಿದ ಅದೇ ಮನೆಗೆ. ಫಿಲಡೆಲ್ಫಿಯಾದ ಜಿರಾರ್ಡ್ ಕಾಲೇಜು ಎಂಬ ಅನಾಥ ಹುಡುಗರ ಶಾಲೆಯ ದಾನಪತ್ರ ಇದಕ್ಕೆ ಮಾದರಿ. ಅದರ ಗುಣವೂ ದೋಷವೂ ಇದಕ್ಕೆ ಬಂದವು.

ಪತ್ರದ ಪದಗಳನ್ನು ಒಂದೊಂದಾಗಿ ನೋಡಬೇಕು. ಬಡ, ಆರೋಗ್ಯವಂತ, ಬಿಳಿಯ, ಗಂಡು, ಅನಾಥ. ಸೇರುವಾಗ ವಯಸ್ಸು ನಾಲ್ಕರಿಂದ ಎಂಟು. "ಅನಾಥ" ಎಂದರೆ ತಂದೆ ಇಲ್ಲದವನು, ತಾಯಿ ಇದ್ದರೂ ಸರಿ. ಮೊದಲ ಆದ್ಯತೆ ಡಾಫಿನ್, ಲ್ಯಾಂಕಾಸ್ಟರ್, ಲೆಬನಾನ್ ಕೌಂಟಿಗಳಿಗೆ, ಆಮೇಲೆ ಪೆನ್ಸಿಲ್ವೇನಿಯಾ, ಆಮೇಲೆ ಉಳಿದ ದೇಶ. ಖರ್ಚಿಗೆ ಆದಾಯ ಮಾತ್ರ, ಮೂಲಧನ ಮುಟ್ಟುವಂತಿಲ್ಲ. ಮಕ್ಕಳು ಓದಿನ ಜೊತೆ ಕಸುಬನ್ನೂ ಕಲಿಯಬೇಕು. ಹಸು ಕರೆಯುವ ಕೆಲಸ 1989ರವರೆಗೂ ದಿನಚರಿಯಲ್ಲಿತ್ತು.

ಈ ಪ್ರತಿಯೊಂದು ಪದವೂ ಮುಂದೆ ಕೋರ್ಟಿನಲ್ಲೋ ಬೀದಿಯಲ್ಲೋ ಎದ್ದು ನಿಂತಿದೆ. "ಬಿಳಿಯ" ಎಂಬುದು 1960ರ ದಶಕದ ಕೊನೆಯವರೆಗೂ ನಡೆಯಿತು. "ಗಂಡು" ಎಂಬುದು 1970ರ ದಶಕದ ನಡುವೆ ಹೋಯಿತು. 2011ರಲ್ಲಿ ಎಚ್‌ಐವಿ ಇರುವ ಹುಡುಗನೊಬ್ಬನಿಗೆ ಪ್ರವೇಶ ನಿರಾಕರಿಸಿದ್ದಕ್ಕೆ ದಾವೆ ಬಿತ್ತು. ಮರುವರ್ಷ ಶಾಲೆ 7 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

1909ರದ್ದು ಭೂಮಿ ಮಾತ್ರ. ದೊಡ್ಡ ದಾನ 1918ರ ನವೆಂಬರಿನಲ್ಲಿ. ಕ್ಯಾಥರೀನ್ 1915ರಲ್ಲಿ ತೀರಿಕೊಂಡಿದ್ದಳು. ಕಂಪನಿಯಲ್ಲಿದ್ದ ತನ್ನ ಷೇರುಗಳನ್ನೆಲ್ಲ, ಸುಮಾರು 6 ಕೋಟಿ ಡಾಲರ್ ಬೆಲೆಯವನ್ನು, ಶಾಲೆಯ ಟ್ರಸ್ಟಿಗೆ ಬರೆದ. ಪತ್ರಿಕೆಗಳಿಗೆ ಸುದ್ದಿ ಹೋದದ್ದು 1923ರಲ್ಲಿ! ಐದು ವರ್ಷ ಊರಿಗೇ ಸರಿಯಾಗಿ ಗೊತ್ತಿರಲಿಲ್ಲ.

ಲೆಕ್ಕಪುಸ್ತಕ:
ದಸ್ತಾವೇಜು ಸರ್ ಬರೆದದ್ದಕ್ಕೆ ಲೆಕ್ಕದ ಕಡೆಯಿಂದ ಸೇರಿಸ್ತೀನಿ. ಇಲ್ಲಿ ನಾಲ್ಕು ಹೆಸರು ಗೊಂದಲ ಮಾಡುತ್ತವೆ. ಹರ್ಷಿ ಟ್ರಸ್ಟ್ ಕಂಪನಿ ಅನ್ನೋದು 1905ರಲ್ಲಿ ಬ್ಯಾಂಕಾಗಿ ಹುಟ್ಟಿ ಟ್ರಸ್ಟಿಯಾಗಿ ಉಳಿದದ್ದು. ಶಾಲೆಯ ಟ್ರಸ್ಟ್ ಅನ್ನೋದು ಆಸ್ತಿ ಇರೋ ಪೆಟ್ಟಿಗೆ. ಶಾಲೆ ಅನ್ನೋದು ಖರ್ಚಾಗೋ ಜಾಗ. 1935ರಲ್ಲಿ ಹುಟ್ಟಿದ ಎಂ.ಎಸ್. ಹರ್ಷಿ ಫೌಂಡೇಷನ್ ಬೇರೆಯೇ, ಅದು ಊರಿನ ಥಿಯೇಟರ್, ತೋಟ, ಮ್ಯೂಸಿಯಂಗೆ. ತಮಾಷೆ ಏನಂದ್ರೆ, ಟ್ರಸ್ಟಿ ಕಂಪನಿಯ ಷೇರುಗಳೂ ಆ ಪೆಟ್ಟಿಗೆಯೊಳಗೇ ಇವೆ. ಬೀಗದ ಕೈ ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿದ ಹಾಗೆ. ಮನರಂಜನಾ ಪಾರ್ಕು, ಹೋಟೆಲು ನಡೆಸೋ ಕಂಪನಿಯೂ ಪೂರ್ತಿ ಟ್ರಸ್ಟಿನದ್ದೇ.

ಚಾಕಲೇಟ್ ಕಂಪನಿ 1927ರಲ್ಲಿ ಷೇರುಪೇಟೆಗೆ ಬಂತು. ಇವತ್ತಿನ ಹಿಡಿತದ ಗುಟ್ಟು 1984ರ ಬಿ ವರ್ಗದ ಷೇರು. ಸಾಮಾನ್ಯ ಷೇರಿಗೆ ಒಂದು ಮತ, ಬಿ ವರ್ಗಕ್ಕೆ ಹತ್ತು. ಅದಕ್ಕೆ ಬದಲಾಗಿ ಸಾಮಾನ್ಯ ಷೇರಿಗೆ ಡಿವಿಡೆಂಡ್ ಶೇಕಡಾ ಹತ್ತು ಜಾಸ್ತಿ, ನಿರ್ದೇಶಕರಲ್ಲಿ ಆರನೇ ಒಂದು ಭಾಗವನ್ನ ಸಾಮಾನ್ಯ ಷೇರುದಾರರು ಬೇರೆಯಾಗಿ ಆರಿಸಬಹುದು. ಬಿ ವರ್ಗದ ಷೇರನ್ನ ಯಾವಾಗ ಬೇಕಾದರೂ ಒಂದಕ್ಕೊಂದರಂತೆ ಸಾಮಾನ್ಯ ಷೇರಾಗಿ ಬದಲಾಯಿಸಿಕೊಳ್ಳಬಹುದು. ಬದಲಾಯಿಸಿದ ಕೂಡಲೇ ಒಂಬತ್ತು ಮತ ಹೋಯ್ತು. ಟ್ರಸ್ಟಿನ ಕೈಲಿ ಹೆಚ್ಚೂಕಡಿಮೆ ಎಲ್ಲ ಬಿ ವರ್ಗದ ಷೇರುಗಳಿವೆ, ಒಟ್ಟು ಮತದಲ್ಲಿ ಶೇಕಡಾ 80ರ ಆಸುಪಾಸು. ಚಿಲ್ಲರೆ ಅಂಗಡಿಯವರ ಪ್ರಶ್ನೆಗೆ ಉತ್ತರ ಇಷ್ಟೇ: ಷೇರು ಸಾವಿರಾರು ಜನರದ್ದು, ಮಾತು ಶಾಲೆಯದ್ದು. ಶಾಲೆಗೆ ದುಡ್ಡು ಬರೋದು ಡಿವಿಡೆಂಡ್‌ನಿಂದ, ಜೊತೆಗೆ ಬೇರೆ ಹೂಡಿಕೆಗಳ ಆದಾಯ.

ಹರ್ಷಿಯ ವ್ಯಾಪಾರ ಬುದ್ಧಿಯನ್ನ ತೀರಾ ಮೇಲೆತ್ತಬೇಡಿ ಅಂತಲೂ ಹೇಳ್ತೀನಿ. 1916ರಲ್ಲಿ ಕ್ಯೂಬಾದಲ್ಲಿ ಕಬ್ಬಿನ ಭೂಮಿ, ಸಕ್ಕರೆ ಕಾರ್ಖಾನೆ, ಹವಾನಾದಿಂದ ಮತಾನ್ಸಾಸ್‌ವರೆಗೆ ವಿದ್ಯುತ್ ರೈಲು, ಕೆಲಸಗಾರರ ಊರು, ಮುಂದೆ ಅನಾಥಾಲಯ ಎಲ್ಲ ಕಟ್ಟಿದ. ಯುದ್ಧಕಾಲದ ಸಕ್ಕರೆ ಅಭಾವಕ್ಕೆ ಅದು ಜಾಣತನ. ಆದರೆ 1920ರಲ್ಲಿ ಸಕ್ಕರೆಯ ಮುಂಗಡ ವಾಯಿದಾ ವ್ಯಾಪಾರಕ್ಕೆ ಕೈ ಹಾಕಿ, ಬೆಲೆ ಕುಸಿದಾಗ ಸುಮಾರು 25 ಲಕ್ಷ ಡಾಲರ್ ಕಳಕೊಂಡ. ಸಾಲ ಕೊಟ್ಟ ನ್ಯೂಯಾರ್ಕಿನ ಬ್ಯಾಂಕು ತನ್ನ ಮನುಷ್ಯನನ್ನ ತಂದು ಕಾರ್ಖಾನೆಯಲ್ಲೇ ಕೂರಿಸಿತು. ಷೇರುಗಳನ್ನ ಶಾಲೆಗೆ ಬರೆದು ಎರಡು ವರ್ಷ ಆಗಿತ್ತಷ್ಟೆ. ಅಂದರೆ ಅವನು ಜೂಜಾಡಿದ್ದು ಮಕ್ಕಳ ಗಂಟನ್ನಿಟ್ಟು. ಈ ಮಾತು ಯಾವ ಪ್ರವಾಸಿ ಪುಸ್ತಿಕೆಯಲ್ಲೂ ಇರಲ್ಲ.

ಪುತ್ತೂರ_ಕೋಕೋ:
ಐದು ಸೆಂಟಿನ ಬಾರ್ ಲೆಕ್ಕವನ್ನೂ ಹೇಳಿ ಸರ್. 1900ರಿಂದ 1969ರವರೆಗೆ ಬೆಲೆ ಬದಲಾಗಲಿಲ್ಲ ಎಂದು ಹೊಗಳುತ್ತಾರೆ.

ಲೆಕ್ಕಪುಸ್ತಕ:
ಬೆಲೆ ಬದಲಾಗಲಿಲ್ಲ, ತೂಕ ಬದಲಾಯ್ತು. ಕೋಕೋ, ಸಕ್ಕರೆ ಅಗ್ಗವಾದಾಗ ಬಾರ್ ದಪ್ಪ, ದುಬಾರಿಯಾದಾಗ ತೆಳು. 1930ರಲ್ಲಿ ಎರಡು ಔನ್ಸ್, ಅಂದರೆ 57 ಗ್ರಾಂ ಇದ್ದದ್ದು 1968ರ ಹೊತ್ತಿಗೆ ಮುಕ್ಕಾಲು ಔನ್ಸ್, 21 ಗ್ರಾಂ. ನಮ್ಮ ಐದು ರೂಪಾಯಿ ಬಿಸ್ಕತ್ ಪೊಟ್ಟಣದ ವಿದ್ಯೆ ಹೊಸದೇನಲ್ಲ. ಆಮೇಲೆ ಬಾರ್ 10 ಸೆಂಟ್ ಆಯ್ತು. ಗ್ರಾಹಕರಿಗೆ ದೇಶವ್ಯಾಪಿ ಜಾಹೀರಾತು ಶುರುವಾಗಿದ್ದೂ ಅದರ ಹಿಂದೆಯೇ, 1970ರಲ್ಲಿ. ಅಲ್ಲಿವರೆಗೆ ಹೊದಿಕೆಯ ಕಾಗದವೇ ಜಾಹೀರಾತು.

ಕೆಂಪು_ಬಾವುಟ:
ಎಲ್ಲರೂ ಶಾಲೆ ಶಾಲೆ ಅಂತೀರಿ. ಕೆಲಸಗಾರರ ಬಗ್ಗೆ ಒಂದು ಸಾಲಾದ್ರೂ ಬೇಡವಾ?

1903ರಲ್ಲಿ ಜೋಳದ ಹೊಲದ ನಡುವೆ ಕಾರ್ಖಾನೆ ಶುರು ಮಾಡಿ 1905ಕ್ಕೆ ಮುಗಿಸಿದ. ಜಾಗ ಆರಿಸಿದ್ದು ಭಾವುಕತೆಯಿಂದ ಮಾತ್ರ ಅಲ್ಲ: ಸುತ್ತ ಹಾಲು, ಒಳ್ಳೆ ನೀರು, ಪಕ್ಕದಲ್ಲೇ ರೀಡಿಂಗ್ ರೈಲುಮಾರ್ಗ, ದುಡಿಯೋ ಕೈ. ಮನೆ, ಟ್ರಾಲಿ, ಬ್ಯಾಂಕು, 1907ರಲ್ಲಿ ಪಾರ್ಕು, ಎಲ್ಲ ಕಟ್ಟಿದ. ಚಾಕಲೇಟ್ ಅವೆನ್ಯೂ, ಕೋಕೋ ಅವೆನ್ಯೂ ಅಂತ ರಸ್ತೆಗಳ ಹೆಸರು. ಆದರೆ ಊರಿಗೆ ಚುನಾಯಿತ ಮೇಯರ್ ಇಲ್ಲ, ಪುರಸಭೆ ಇಲ್ಲ. ಮನೆ, ಕೆಲಸ, ಬ್ಯಾಂಕು, ಬಸ್ಸು ಎಲ್ಲಕ್ಕೂ ಒಬ್ಬನೇ ಧಣಿ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಹೋಟೆಲು, ಸಮುದಾಯ ಭವನ, ಕ್ರೀಡಾಂಗಣ ಕಟ್ಟಿಸಿ ನೂರಾರು ಜನರಿಗೆ ಕೆಲಸ ಕೊಟ್ಟದ್ದು ಒಪ್ತೀನಿ. ಸಿಮೆಂಟು, ಕೂಲಿ ಎರಡೂ ಆಗ ಅಗ್ಗ ಇದ್ದವು ಅನ್ನೋದನ್ನೂ ಸೇರಿಸಿ ಓದಿ.

1937ರ ಏಪ್ರಿಲ್‌ನಲ್ಲಿ ಕೆಲಸಗಾರರು ಯಂತ್ರಗಳ ಪಕ್ಕದಲ್ಲೇ ಕೂತು ಮುಷ್ಕರ ಮಾಡಿದ್ರು. ಆಗ ಕಾರ್ಖಾನೆ ದಿನಕ್ಕೆ ಸುಮಾರು 8 ಲಕ್ಷ ಪೌಂಡ್, ಅಂದರೆ 3.6 ಲಕ್ಷ ಕೆಜಿ ಹಾಲು ಕೊಳ್ತಿತ್ತು. ಹಸು ಮುಷ್ಕರ ಮಾಡಲ್ವಲ್ಲ, ಹಾಲು ಬರ್ತಾನೇ ಇತ್ತು, ಕೊಳ್ಳೋರಿಲ್ಲ. ಐದನೇ ದಿನ ರೈತರು, ಕಂಪನಿಯ ಪರ ಇದ್ದ ಕೆಲಸಗಾರರು ದೊಣ್ಣೆ ಹಿಡಿದು ಒಳನುಗ್ಗಿ ಮುಷ್ಕರದವರನ್ನ ಬಡಿದು ಹೊರಗೆಳೆದ್ರು. ಸಂಘಕ್ಕೆ ಆಮೇಲೆ ಮಾನ್ಯತೆ ಸಿಕ್ಕಿತು ಅನ್ನೋದು ಬೇರೆ ಮಾತು.

ದಸ್ತಾವೇಜು:
ಒಪ್ಪಿದೆ. ಒಂದೇ ಸೇರಿಸುವುದು: ಅವನ ಸ್ವಂತ ಬಂಗಲೆಯನ್ನು 1930ರಲ್ಲಿ ಊರಿನ ಕ್ಲಬ್ಬಿಗೆ ಬಿಟ್ಟು, ಮಹಡಿಯ ಕೆಲವು ಕೋಣೆಗಳಲ್ಲಿ ಕೊನೆಯವರೆಗೆ ಇದ್ದ. ಧಣಿತನಕ್ಕೆ ಅದು ಕ್ಷಮಾಪಣೆಯಲ್ಲ, ದಾಖಲೆಗೆ ಇರಲಿ.

ಹಾಲುಕೆನೆ_ಮಂಡ್ಯ:
ಅದೇ 1937ರಲ್ಲಿ ಸೈನ್ಯದ ಬಾರ್ ಕೆಲಸವೂ ಶುರುವಾಯ್ತು, ತಂತ್ರಜ್ಞಾನದ ದೃಷ್ಟಿಯಿಂದ ನನಗೆ ಅದೇ ರುಚಿ. ಕ್ಯಾಪ್ಟನ್ ಪಾಲ್ ಲೋಗನ್ ಇಟ್ಟ ಷರತ್ತು: ತೂಕ ನಾಲ್ಕು ಔನ್ಸ್, 600 ಕ್ಯಾಲರಿ, ಬಿಸಿಲಿಗೆ ಕರಗಬಾರದು, ರುಚಿ ಬೆಂದ ಆಲೂಗಡ್ಡೆಗಿಂತ ಸ್ವಲ್ಪವೇ ಮೇಲಿರಬೇಕು. ತುಂಬಾ ರುಚಿಯಾದ್ರೆ ಸಿಪಾಯಿ ಹಸಿವಿಗೆ ಮುಂಚೇನೇ ತಿಂದು ಮುಗಿಸ್ತಾನೆ ಅನ್ನೋ ಭಯ.

ಮಾಮೂಲಿ ಚಾಕಲೇಟ್ 34 ಡಿಗ್ರಿಗೆ ಕರಗುತ್ತೆ, ಇವರಿಗೆ ಬೇಕಾದದ್ದು 49 ತಡೆಯೋದು. ಹರ್ಷಿಯ ರಸಾಯನತಜ್ಞ ಸ್ಯಾಮ್ ಹಿಂಕಲ್ ಕೋಕೋ ಬೆಣ್ಣೆ ಕಡಿಮೆ ಮಾಡಿ, ಓಟ್ಸ್ ಹಿಟ್ಟು, ಕೆನೆ ತೆಗೆದ ಹಾಲಿನ ಪುಡಿ ಹಾಕಿದ. ಕೊಬ್ಬು ಕರಗಿದ್ರೂ ಹಿಟ್ಟು ಅದನ್ನ ಹಿಡಿದು ನಿಲ್ಲಿಸ್ತು. ಆದರೆ ಅಲ್ಲಿಂದ ಹೊಸ ಕಾಟ. ಚಾಕಲೇಟ್ ಯಂತ್ರಗಳೆಲ್ಲ ಹರಿಯೋ ದ್ರವಕ್ಕೆ ಕಟ್ಟಿದ್ದು. ಕೊಳವೆಯಲ್ಲಿ ಹರಿದು, ಅಚ್ಚಿಗೆ ಸುರಿದು, ಅಚ್ಚನ್ನ ಅದುರಿಸಿದ್ರೆ ತಾನಾಗಿ ಮಟ್ಟವಾಗುತ್ತೆ. ಇದು ರಾಗಿಮುದ್ದೆಯ ಹಾಗೆ, ಹರಿಯೋದೇ ಇಲ್ಲ. ಶುರುವಿನಲ್ಲಿ ಪ್ರತಿಯೊಂದನ್ನೂ ತೂಗಿ, ಕೈಯಲ್ಲಿ ಅಚ್ಚಿಗೆ ಒತ್ತಬೇಕಾಯ್ತು. ಆಮೇಲೆ ಯಂತ್ರ ಮಾಡಿಕೊಂಡ್ರು. 1940ರಿಂದ 45ರವರೆಗೆ ಇದು ಮತ್ತು 1943ರಲ್ಲಿ ಬಂದ ಉಷ್ಣವಲಯದ ಬಾರ್ ಎರಡೂ ಸೇರಿ ಮೂರು ನೂರು ಕೋಟಿ ಮೀರಿ ತಯಾರಾದವು. ಸಿಪಾಯಿಗಳು ಬೈಕೊಂಡೇ ತಿಂದರು, ಅಷ್ಟು ಗಟ್ಟಿ.

ಚಿಲ್ಲರೆ_ಅಂಗಡಿ:
1945ರಲ್ಲಿ ಹರ್ಷಿ ತೀರಿಕೊಂಡ ಮೇಲೆ? ಬರೆದವನಿಲ್ಲ, ಪತ್ರ ಮಾತ್ರ ಇದೆ. ಯಾರು ಕಾಯೋದು?

ದಸ್ತಾವೇಜು:
ಆ ಕೋರ್ಟಿನ ಹೆಸರೇ ಅನಾಥರ ನ್ಯಾಯಾಲಯ. ಪೆನ್ಸಿಲ್ವೇನಿಯಾದಲ್ಲಿ ಟ್ರಸ್ಟು, ಉಯಿಲುಗಳನ್ನೆಲ್ಲ ನೋಡುವ ಕೋರ್ಟಿಗೆ ಇಂದಿಗೂ ಇದೇ ಹೆಸರು. ಅದರ ಜೊತೆ ರಾಜ್ಯದ ಅಟಾರ್ನಿ ಜನರಲ್. ದಾನದ ಆಸ್ತಿಗೆ ಜನರ ಪರವಾಗಿ ಕಾವಲುಗಾರ ಅವನೇ.

ಮೊದಲ ದೊಡ್ಡ ತಿರುವು 1963. ಮೂಲಧನ ಮುಟ್ಟಬಾರದು, ಸರಿ. ಆದರೆ ಚಾಕಲೇಟ್ ಲಾಭ ಮಕ್ಕಳ ಸಂಖ್ಯೆಗಿಂತ ಬೇಗ ಬೆಳೆದು, ಖರ್ಚಾಗದ ಆದಾಯವೇ ಗುಡ್ಡವಾಯಿತು. ಮೂಲ ಉದ್ದೇಶ ನೆರವೇರಿಸಿ ಮಿಕ್ಕಾಗ ಅದಕ್ಕೆ ಹತ್ತಿರದ ಬೇರೆ ಉದ್ದೇಶಕ್ಕೆ ಬಳಸಲು ಕೋರ್ಟು ಅನುಮತಿ ಕೊಡಬಹುದು ಎಂಬ ಹಳೆಯ ತತ್ವವನ್ನು ಹಿಡಿದು 5 ಕೋಟಿ ಡಾಲರ್ ತೆಗೆದು ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು, ಆಸ್ಪತ್ರೆಯನ್ನು ಹರ್ಷಿ ಊರಿನಲ್ಲಿ ಕಟ್ಟಿದರು. ಆಸ್ಪತ್ರೆ ಉತ್ತಮವಾದದ್ದೇ. ಆದರೆ ನನ್ನ ಲೆಕ್ಕದಲ್ಲಿ ತರ್ಕ ತಪ್ಪು: ಹಣ ಮಿಕ್ಕಿದ್ದು ಅನಾಥರು ಕಡಿಮೆಯಾದದ್ದಕ್ಕಲ್ಲ, ಬಾಗಿಲನ್ನು ಕಿರಿದಾಗಿ ಇಟ್ಟದ್ದಕ್ಕೆ. "ಬಿಳಿಯ", "ಗಂಡು" ಎಂಬ ಎರಡು ಪದ ಆಗಲೇ ತೆಗೆಸಿದ್ದರೆ ಅದೇ ಹಣ ಮಕ್ಕಳಿಗೇ ಸಾಲುತ್ತಿರಲಿಲ್ಲ.

ಎರಡನೆಯದು 2002. ಟ್ರಸ್ಟಿನ ಆಸ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಕಂಪನಿಯ ಷೇರು. ಎಲ್ಲ ಮೊಟ್ಟೆ ಒಂದೇ ಬುಟ್ಟಿಯಲ್ಲಿ ಬೇಡ ಎಂದು ಮಂಡಳಿ ಕಂಪನಿಯನ್ನೇ ಮಾರಲು ಹೊರಟಿತು. ಹಣಕಾಸಿನ ಶಾಸ್ತ್ರದ ಪ್ರಕಾರ ತಪ್ಪೇನಿಲ್ಲ. ಚೂಯಿಂಗ್ ಗಮ್ ಮಾಡುವ ರಿಗ್ಲಿ ಕಂಪನಿ 1,250 ಕೋಟಿ ಡಾಲರ್ ಮುಂದಿಟ್ಟಿತು. ಊರಿಗೆ ಊರೇ ಬೀದಿಗಿಳಿಯಿತು. ಹಳೆ ವಿದ್ಯಾರ್ಥಿಗಳು, ಕಾರ್ಖಾನೆಯವರು, ಅಂಗಡಿಯವರು, ಎಲ್ಲರೂ. ಅಟಾರ್ನಿ ಜನರಲ್ ಮೈಕ್ ಫಿಶರ್ ಅದೇ ಅನಾಥರ ನ್ಯಾಯಾಲಯದಿಂದ ತಡೆಯಾಜ್ಞೆ ತಂದ. ಸೆಪ್ಟೆಂಬರ್ 17ರ ರಾತ್ರಿ ಮಂಡಳಿ 10–7 ಮತದಿಂದ ಮಾರಾಟ ಕೈಬಿಟ್ಟಿತು. ಅದೇ ವರ್ಷ ರಾಜ್ಯ ಕಾನೂನು ತಂದಿತು: ಇಂಥ ಟ್ರಸ್ಟು ಕಂಪನಿಯ ಹಿಡಿತ ಬಿಡುವ ಮುನ್ನ ಅಟಾರ್ನಿ ಜನರಲ್‌ಗೆ ತಿಳಿಸಬೇಕು.

2016ರಲ್ಲಿ ಮಾಂಡಲೀಜ್ ಎಂಬ ತಿಂಡಿ ಕಂಪನಿ 2,300 ಕೋಟಿ ಡಾಲರ್ ಲೆಕ್ಕದಲ್ಲಿ ಕೇಳಿದಾಗ ಮಾತು ಬೇಗ ಮುಗಿದದ್ದು ಇದರಿಂದಲೇ. ನಡುವೆ ಮಂಡಳಿಯವರ ಸಂಭಾವನೆ, 2006ರಲ್ಲಿ ಕೊಂಡ ಗಾಲ್ಫ್ ಮೈದಾನದ ಬೆಲೆ ಇವೆಲ್ಲದರ ಬಗ್ಗೆ ತನಿಖೆಗಳಾದವು. 2013, 2016ರಲ್ಲಿ ಅಟಾರ್ನಿ ಜನರಲ್ ಜೊತೆ ಒಪ್ಪಂದಗಳಾಗಿ ಮಂಡಳಿಯ ಸದಸ್ಯರಿಗೆ ಅವಧಿಯ ಮಿತಿ ಬಂತು.

ಕೆಂಪು_ಬಾವುಟ:
ಅಂದ್ರೆ ಮಾರಾಟ ತಡೆದಿದ್ದು ಮಕ್ಕಳ ಹಿತಕ್ಕಾ, ಊರಿನ ಹಿತಕ್ಕಾ?

ದಸ್ತಾವೇಜು:
ಊರಿನ ಹಿತಕ್ಕೆ. ದಾನಪತ್ರದಲ್ಲಿ ಫಲಾನುಭವಿ ಮಕ್ಕಳು ಮಾತ್ರ, ಊರು ಅಲ್ಲ. ಕೋರ್ಟು ಊರಿನ ನಷ್ಟವನ್ನೂ ತೂಗಿತು. ಕಾನೂನು ಪಂಡಿತರು ಇಂದಿಗೂ ಜಗಳವಾಡುವುದು ಇಲ್ಲೇ. ಮಾರಿದ್ದರೆ ಶಾಲೆಗೆ ಕೈತುಂಬ ಹಣ ಬರುತ್ತಿತ್ತು ಎಂಬುದು ಒಂದು ವಾದ. ಮಾರದೆ ಇಟ್ಟುಕೊಂಡ ಷೇರಿನ ಬೆಲೆ ಆಮೇಲೆ ಹಲವು ಪಟ್ಟು ಏರಿತು ಎಂಬುದು ಇನ್ನೊಂದು. ಎರಡನೆಯದು 2002ರಲ್ಲಿ ಯಾರಿಗೂ ಗೊತ್ತಿರಲು ಸಾಧ್ಯವಿರಲಿಲ್ಲ, ಹಾಗಾಗಿ ಅದನ್ನು ವಾದ ಎನ್ನಲಾರೆ.

ಚಿಲ್ಲರೆ_ಅಂಗಡಿ:
ಶಾಲೆ ಈಗ ಹೇಗಿದೆ? ಮತ್ತೆ ನಮ್ಮಲ್ಲಿ ಒಬ್ಬ ಮಿಠಾಯಿ ಉದ್ಯಮಿ ಇದೇ ರೀತಿ ಕಂಪನಿಯನ್ನ ಶಾಲೆಗೆ ಬರೆದುಕೊಡಬಹುದಾ?

ಲೆಕ್ಕಪುಸ್ತಕ:
ಶಾಲೆಯಲ್ಲಿ ಸುಮಾರು 2,000 ಮಕ್ಕಳು, ಶಿಶುವಿಹಾರದಿಂದ 12ನೇ ತರಗತಿವರೆಗೆ. ಹಾಸ್ಟೆಲ್ ಅಲ್ಲ, ಮನೆಗಳು. ಒಂದೊಂದು ಮನೆಗೆ ಹತ್ತರ ಆಸುಪಾಸು ಮಕ್ಕಳು, ಜೊತೆಗೆ ಗಂಡ-ಹೆಂಡತಿ ಪಾಲಕರು. ಊಟ, ಬಟ್ಟೆ, ವೈದ್ಯ, ಹಲ್ಲಿನ ಚಿಕಿತ್ಸೆ ಎಲ್ಲ ಉಚಿತ. ಅನಾಥರೇ ಆಗಬೇಕಿಲ್ಲ, ಮನೆಯ ಆದಾಯ ಕಡಿಮೆ ಇದ್ದರೆ ಸಾಕು. 1951ರಿಂದ ಹೆಸರು ಮಿಲ್ಟನ್ ಹರ್ಷಿ ಶಾಲೆ, ಅದಕ್ಕೆ ಮುಂಚೆ ಹರ್ಷಿ ಇಂಡಸ್ಟ್ರಿಯಲ್ ಶಾಲೆ.

ನಮ್ಮಲ್ಲಿ ಕಷ್ಟ. ಆದಾಯ ತೆರಿಗೆ ವಿನಾಯಿತಿ ಬೇಕಿರೋ ಧರ್ಮದತ್ತಿ ತನ್ನ ಹಣವನ್ನ ಆದಾಯ ತೆರಿಗೆ ಕಾಯ್ದೆಯಲ್ಲಿ ಹೇಳಿದ ಕಡೆ ಮಾತ್ರ ಹೂಡಬಹುದು. ಖಾಸಗಿ ಕಂಪನಿಯ ಷೇರು ಆ ಪಟ್ಟಿಯಲ್ಲಿಲ್ಲ. ಇಟ್ಟುಕೊಂಡ್ರೆ ವಿನಾಯಿತಿಗೆ ಅಡ್ಡ ಬರುತ್ತೆ. 1973ರ ಜೂನ್ 1ಕ್ಕೆ ಮೂಲಧನದಲ್ಲಿ ಆಗಲೇ ಇದ್ದ ಷೇರುಗಳಿಗೆ ಮಾತ್ರ ರಿಯಾಯಿತಿ. ಹಾಗಾಗಿ ಇವತ್ತು ಬರೆದುಕೊಡೋರು ಷೇರು ಮಾರಿ ಹಣವನ್ನ ಕೊಡ್ತಾರೆ, ಇಲ್ಲ ಲಾಭದಲ್ಲಿ ಪಾಲು ಕೊಡ್ತಾರೆ. ಕಂಪನಿಯ ಹಿಡಿತ ಶಾಲೆಗೆ ಹೋಗಲ್ಲ. ಅಮೆರಿಕದಲ್ಲೂ 1969ರ ತೆರಿಗೆ ಕಾನೂನು ಖಾಸಗಿ ಫೌಂಡೇಷನ್‌ಗಳಿಗೆ ಒಂದು ಕಂಪನಿಯಲ್ಲಿ ಸಾಮಾನ್ಯವಾಗಿ ಶೇಕಡಾ 20ರ ಮಿತಿ ಹಾಕಿತು. ಶಾಲೆಗಳನ್ನ ಖಾಸಗಿ ಫೌಂಡೇಷನ್ ಅಂತ ಎಣಿಸಲ್ಲ.

ಪುತ್ತೂರ_ಕೋಕೋ:
ಕಾರ್ಖಾನೆಯ ಹಿಡಿತ ಒಬ್ಬ ಧಣಿಯ ಕೈಯಲ್ಲಿ ಇರಬಾರದು ಎಂಬುದಕ್ಕೆ ನಮ್ಮ ಕಡೆ ಬೇರೆ ದಾರಿ ಉಂಟು. 1970ರ ದಶಕದಲ್ಲಿ ಅಡಿಕೆ ತೋಟದ ನಡುವೆ ಕೋಕೋ ಹಾಕಿಸಿದ ಕಂಪನಿ, ಬೆಲೆ ಬಿದ್ದಾಗ ಕೊಳ್ಳುವುದನ್ನು ಕಡಿಮೆ ಮಾಡಿತು. 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಅಡಿಕೆಗೆಂದು ಹುಟ್ಟಿದ ಕ್ಯಾಂಪ್ಕೋ ಆಗ ಹಸಿ ಬೀಜಕ್ಕೂ ಕೈ ಹಾಕಿ, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆ ತೆರೆಯಿತು. ಅದು ಸಹಕಾರಿ ಸಂಘ, ಅಲ್ಲಿ ಬಿ ವರ್ಗದ ಷೇರಿನ ಆಟ ನಡೆಯುವುದಿಲ್ಲ: ಹತ್ತು ಷೇರು ಇದ್ದವನಿಗೂ ನೂರು ಷೇರು ಇದ್ದವನಿಗೂ ಮತ ಒಂದೇ.